ತೊಳೆದು ಕವುಚಿಟ್ಟ ಕಂಪ್ಯೂಟರ್

ನಾನು ಬಿ.ಎ. ಪಾಸಾದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯಲಿರುವುದನ್ನು ಓದಿದರೆ ನಿಮಗೆ ಅನುಮಾನ ಬಂದೀತು. ನಮ್ಮ ಕಡೆಯವರಲ್ಲಿ, ತಂದೆಯ ಕಡೆ ತಾಯಿಯ ಕಡೆ ಎರಡೂ ಸೇರಿಸಿ, ಡಿಗ್ರಿ ಪಡೆದವಳು ನಾನೊಬ್ಬಳೇ. ಅದೂ ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, ಅಂಚೆಯಲ್ಲಿ ಪಾಠ ತರಿಸಿಕೊಂಡು ಓದಿದ್ದು. ಇಂಗ್ಲಿಷ್ ಪೇಪರ್ ಎರಡು ಸಲ ಹೋಯಿತು, ಮೂರನೆಯ ಸಲ ಬಂತು. ಅಪ್ಪಯ್ಯ ಮದ್ರಾಸಿನ ಎಗ್ಮೋರಿನ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ಮೊಳೆ ಹೊಡೆದಿದ್ದಾರೆ. ಊದುಬತ್ತಿಯ ಹೊಗೆಗೆ ಅದರ ಒಂದು ಮೂಲೆ ಹಳದಿಯಾಗಿದೆ.

ಡಿಗ್ರಿ ಇದ್ದರೂ ನಾನು ಒಂದು ಖಾಸಗಿ ಶಾಲೆಯಲ್ಲಿ ಆಯಾ ಆಗಿಯೇ ಇದ್ದೆ. ಬೆಲ್ ಹೊಡೆಯುವುದು, ಹಾಜರಿ ಪುಸ್ತಕ ಹೊತ್ತು ತಿರುಗುವುದು, ವಾಂತಿ ಮಾಡಿಕೊಂಡ ಮಕ್ಕಳ ಮುಖ ತೊಳೆಯುವುದು. ಒಂಬತ್ತು ವರ್ಷ. ಹೋದ ವರ್ಷ ಬೇಸಿಗೆ ರಜೆಗೆ ಮೊದಲು ಆಫೀಸಿನ ಗುಮಾಸ್ತೆ ಕೆಲಸ ಬಿಟ್ಟರು. ನಾನು ಧೈರ್ಯ ಮಾಡಿ ಆಡಳಿತದ ಮೇಡಂ ಮುಂದೆ ಹೋಗಿ ನಿಂತೆ. ಅವರು ನನ್ನ ಸರ್ಟಿಫಿಕೇಟಿನ ಜೆರಾಕ್ಸ್ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಿ.ಎ. ಸರಿ. ಕಂಪ್ಯೂಟರ್ ತೆರಿಯುಮಾ?"

"ಕಲಿತುಕೊಳ್ಳುತ್ತೇನೆ ಮೇಡಂ."

"ಜೂನ್‌ನಲ್ಲಿ ಸ್ಕೂಲ್ ಶುರುವಾಗುವ ಮೊದಲು ಬೇಸಿಕ್ ಸರ್ಟಿಫಿಕೇಟ್ ತಂದುಕೊಡು, ಆ ಕುರ್ಚಿ ನಿನ್ನದು. ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತೆಗೆದುಕೊಳ್ಳುತ್ತೇವೆ."

ಹೀಗೆ ನಾನು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಕೀಲ್ಪಾಕ್‌ನ ಒಂದು ಔಷಧಿ ಅಂಗಡಿಯ ಮೇಲಿನ ಎರಡನೆಯ ಮಹಡಿ ಹತ್ತಿದೆ. ಅಲ್ಲಿ ನಾಲ್ಕು ಕಂಪ್ಯೂಟರ್, ಒಂದು ಫ್ಯಾನು, ಒಬ್ಬರು ಮೇಷ್ಟರು. ಮೇಷ್ಟರಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಪಾಠವೆಲ್ಲ ತಮಿಳಿನಲ್ಲಿ, ನಡುವೆ ನಡುವೆ ಇಂಗ್ಲಿಷ್. ನಾನು ಏಳನೆಯ ಕ್ಲಾಸಿನವರೆಗೆ ಅಜ್ಜಿಯ ಮನೆಯಲ್ಲಿದ್ದು ಕುಂದಾಪುರದ ಕಡೆ ಕನ್ನಡ ಶಾಲೆಯಲ್ಲಿ ಓದಿದವಳು, ಆಮೇಲೆ ಮದ್ರಾಸಿನಲ್ಲಿ ತಮಿಳು ಮೀಡಿಯಂ. ಹಾಗಾಗಿ ಇಂಗ್ಲಿಷ್ ಶಬ್ದಕ್ಕೆ ತಮಿಳಿನಲ್ಲಿ ಕೊಟ್ಟ ಅರ್ಥವನ್ನು ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರು ಮನೆ ದಾಟಿ ಬರುವಾಗ ಅರ್ಥ ಎಷ್ಟು ಉಳಿಯುತ್ತಿತ್ತೋ ದೇವರಿಗೇ ಗೊತ್ತು.

ಮೊದಲ ವಾರ ಕಂಪ್ಯೂಟರಿನ ಚರಿತ್ರೆ. ಮಣಿ ಪೋಣಿಸಿದ ಚೌಕಟ್ಟಿನಿಂದ ಶುರು. ಆಮೇಲೆ ಬಟ್ಟೆ ನೇಯುವ ಮಗ್ಗಕ್ಕೆ ತೂತು ಹೊಡೆದ ಕಾರ್ಡು ಹಾಕುತ್ತಿದ್ದರಂತೆ, ಕಾರ್ಡಿನ ತೂತು ನೋಡಿ ಮಗ್ಗ ತಾನೇ ಹೂವು ಬಳ್ಳಿ ನೇಯುತ್ತಿತ್ತಂತೆ. ಕಂಪ್ಯೂಟರಿಗೂ ಸೀರೆಗೂ ಏನು ಸಂಬಂಧ ಎಂದು ನಾನು ಯೋಚಿಸುತ್ತಿರುವಾಗಲೇ ಸಾರ್ ಮುಂದೆ ಹೋಗಿದ್ದರು. ಒಬ್ಬ ಇಂಗ್ಲಿಷಿನವನು ಲೆಕ್ಕದ ಯಂತ್ರದ ಚಿತ್ರ ಬರೆದ, ಆದರೆ ಕಟ್ಟಿ ಮುಗಿಸಲಿಲ್ಲ. ಹುಟ್ಟದ ಆ ಯಂತ್ರಕ್ಕೆ ಒಬ್ಬ ಹೆಂಗಸು ಹೀಗೆ ಹೀಗೆ ಲೆಕ್ಕ ಮಾಡು ಎಂದು ಪಾಠ ಬರೆದಿಟ್ಟಳು. ಇದು ನನಗೆ ಇಷ್ಟವಾಯಿತು, ಅರ್ಥವಾಗಲಿಲ್ಲ.

"ಮಿಷನ್ನೇ ಇಲ್ಲದೆ ಅವರು ಸರಿ ಬರೆದಿದ್ದಾರೋ ತಪ್ಪು ಬರೆದಿದ್ದಾರೋ ಹೇಗೆ ಗೊತ್ತಾಗಬೇಕು ಸಾರ್?"

"ಅಕ್ಕಾ, ಪರೀಕ್ಷೆಗೆ ಅದು ಬರುವುದಿಲ್ಲ."

ಇನ್ನೊಂದು ದಿನ ಹೇಳಿದರು, ಹಿಂದೆ ಕಂಪ್ಯೂಟರ್ ಎಂದರೆ ಯಂತ್ರವೇ ಅಲ್ಲ, ಕೂತು ಲೆಕ್ಕ ಹಾಕುವ ಮನುಷ್ಯರನ್ನೇ ಹಾಗೆ ಕರೆಯುತ್ತಿದ್ದರು ಎಂದು. ಹಾಗಾದರೆ ಅಪ್ಪಯ್ಯನ ಹೋಟೆಲಿನ ಹಳೆಯ ಸಪ್ಲೈಯರ್ ಕೂಡ ಕಂಪ್ಯೂಟರೇ. ಆರು ಟೇಬಲಿನ ತಿಂಡಿಯನ್ನು ಒಂದು ಚೀಟಿ ಇಲ್ಲದೆ ತಲೆಯಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಒಂದೇ ಉಸಿರಿಗೆ ಕೂಗುತ್ತಿದ್ದರು. ಅದನ್ನು ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಇಂಟರ್ನೆಟ್ ಬಂತು.

ಇಂಟರ್ನೆಟ್ ಮೇಲೆ ಆಕಾಶದಲ್ಲಿದೆ ಎಂದು ನಾನು ನಂಬಿದ್ದೆ. ಸಾರ್ ಇಲ್ಲ ಎಂದರು. ಸಮುದ್ರದ ಅಡಿಯಲ್ಲಿ ಕೇಬಲ್ ಹಾಸಿದ್ದಾರೆ, ಅದು ನಮ್ಮ ಚೆನ್ನೈ ತೀರಕ್ಕೂ ಬಂದು ಸೇರುತ್ತದೆ ಎಂದರು. "ಹಾಗಾದರೆ ಕ್ಲೌಡು?" ಎಂದೆ. ಕ್ಲೌಡ್ ಎಂದರೆ ಮೋಡವಲ್ಲ, ದೂರದಲ್ಲಿರುವ ಬೇರೆಯವರ ಕಂಪ್ಯೂಟರ್ ಅಂತೆ. ಮೋಡ ಎಂದು ಹೆಸರಿಟ್ಟು ನೀರಿನ ಅಡಿಯಿಂದ ತಂದು ಬೇರೆಯವರ ಮನೆಯಲ್ಲಿಡುವುದು ಯಾವ ನ್ಯಾಯ? ಆ ಭಾನುವಾರ ಮಗಳನ್ನು ಕರೆದುಕೊಂಡು ಬೀಚಿಗೆ ಹೋದಾಗ ಅಲೆಯ ಹತ್ತಿರ ನಿಂತು ಸುಮ್ಮನೆ ನೋಡಿದೆ. ಮಗಳು ಎಂಟನೆಯ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. "ಎನ್ನಮ್ಮಾ ತೇಡುರೇ?" ಎಂದು ಕೇಳಿದಳು. ಏನು ಹುಡುಕುತ್ತಿದ್ದೇನೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಮೂರನೆಯ ವಾರ ಮೆಮೊರಿಯ ಪಾಠ. ಕಂಪ್ಯೂಟರಿನ ಒಳಗೆ ಮೆಮೊರಿ ಇದೆ, ಕೆಲಸ ಮಾಡುವಾಗ ಎಲ್ಲವೂ ಅಲ್ಲಿರುತ್ತದೆ, ಕರೆಂಟ್ ಹೋದರೆ ಖಾಲಿ ಎಂದರು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ನಾನು ಒಂದು ಗಂಟೆ ಕುಟ್ಟಿದ್ದ ಅರ್ಧ ಪುಟ ಹೋಯಿತು. ಸಾರ್ ಚಪ್ಪಾಳೆ ತಟ್ಟಿದರು. "ನೋಡಿದಿರಾ ಅಕ್ಕಾ? ಇದೇ ರ್‍ಯಾಮ್!" ನಾನು ನೋಟ್‌ಬುಕ್ಕಿನಲ್ಲಿ ಕೆಳಗೆ ಗೀಟೆಳೆದು ಬರೆದುಕೊಂಡೆ: ಮೆಮೊರಿ, ಆರಿಸಿದರೆ ಖಾಲಿ. ಮರುದಿನ ಸಾರ್ ಬೆರಳುದ್ದದ ಪೆನ್‌ಡ್ರೈವ್ ಕೊಟ್ಟು, ನಿಮ್ಮ ಕೆಲಸ ಇದರಲ್ಲಿ ಹಾಕಿಕೊಂಡು ಹೋಗಿ ಎಂದರು. ಆಮೇಲೆ ಹಾರ್ಡ್ ಡಿಸ್ಕ್ ಎಂದು ಏನೋ ಇಂಗ್ಲಿಷಿನಲ್ಲಿ ಹೇಳಿದ್ದೂ ಉಂಟು. ಆಗ ನಾನು ಪೆನ್‌ಡ್ರೈವನ್ನು ಪರ್ಸಿನ ಯಾವ ಖಾನೆಯಲ್ಲಿಟ್ಟರೆ ಕಳೆಯುವುದಿಲ್ಲ ಎಂದು ನೋಡುತ್ತಿದ್ದೆ.

ನನ್ನ ತಲೆಯಲ್ಲಿ ಎಲ್ಲ ಸರಿಯಾಗಿ ಕೂತಿತು, ಅದೇ ತೊಂದರೆಯಾದದ್ದು. ಕಂಪ್ಯೂಟರ್ ಎಂದರೆ ಹೋಟೆಲಿನ ಅಡುಗೆಮನೆ. ಅವರವರ ಊಟ ಅವರವರ ಕ್ಯಾರಿಯರಿನಲ್ಲಿ ಮನೆಗೆ ಹೋಗುತ್ತದೆ. ಉಳಿದದ್ದು ಎಂಜಲು, ಆರಿಸಿದರೆ ಹೇಗೂ ಹೋಗುವಂಥದ್ದು. ಮದ್ರಾಸಿಗೆ ಬಂದ ಮೇಲೆ ನಾನು ಬೆಳೆದದ್ದು ಅಪ್ಪಯ್ಯನ ಹೋಟೆಲಿನ ಹಿಂಬಾಗಿಲಲ್ಲಿ. ಅಲ್ಲಿ ಒಂದು ಪಾಳಿಯವರು ಮುಗಿಸಿ ಹೋಗುವಾಗ ಮುಂದಿನ ಪಾಳಿಗೆ ಒಂದು ಚಮಚ ಕೊಳೆ ಬಿಡುವಂತಿರಲಿಲ್ಲ. ಪಾತ್ರೆ ತೊಳೆದು ಕವುಚಬೇಕು, ಕಟ್ಟೆ ಒರೆಸಬೇಕು, ಎಂಜಲು ಬಕೆಟ್ ಹೊರಗೆ ಸುರಿದು ಬರಬೇಕು. ಹಾಗೆ ಮಾಡದೆ ಹೋದವನನ್ನು ಮರುದಿನ ಎಲ್ಲರೂ ಸೇರಿ ಮಾತಿನಲ್ಲೇ ಹುರಿದುಬಿಡುತ್ತಿದ್ದರು.

ಡಿಲೀಟ್ ಮಾಡುವುದು, ಕಸದ ಬುಟ್ಟಿ ಖಾಲಿ ಮಾಡುವುದು ಎರಡೂ ನನಗೆ ಬಂದಿತ್ತು. ಅದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಪಾಠ. ದಿನವೂ ಹನ್ನೆರಡು ಗಂಟೆಗೆ ಏಳುವ ಮೊದಲು ಸ್ಕ್ರೀನ್ ಮೇಲೆ ಹೆಸರಿಲ್ಲದೆ ಬಿದ್ದದ್ದನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿ, ಬುಟ್ಟಿ ಸುರಿದು, ಕೀಬೋರ್ಡನ್ನು ಸೆರಗಿನಲ್ಲಿ ಒರೆಸಿ ಬರುತ್ತಿದ್ದೆ. ಗೋಡೆಯ ಮೇಲೆ ತಮಿಳಿನಲ್ಲಿ ದಪ್ಪಕ್ಷರದ ನೋಟೀಸ್ ಇತ್ತು: ಇನ್ನೊಬ್ಬರ ಫೈಲ್ ಅಳಿಸಿದವರ ಕೋರ್ಸ್ ರದ್ದು. ಅದನ್ನು ಓದಿದ್ದೆ, ಒಳ್ಳೆಯ ನಿಯಮ ಎಂದೂ ಅಂದುಕೊಂಡಿದ್ದೆ. ಹೆಸರಿರುವ ಒಂದು ಫೋಲ್ಡರನ್ನೂ ನಾನು ಮುಟ್ಟಿದವಳಲ್ಲ; ಅವನ್ನು ಸಾರ್ ದಿನವೂ ಬೆಳಿಗ್ಗೆ ತಂದಿಡುತ್ತಾರೆ ಎಂದುಕೊಂಡಿದ್ದೆ.

ನನಗಿಂತ ಮೊದಲು, ಹತ್ತರಿಂದ ಹನ್ನೊಂದರವರೆಗೆ, ಅದೇ ಕಂಪ್ಯೂಟರಿನಲ್ಲಿ ಕೂರುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬರು. ರೈಲ್ವೆಯಲ್ಲಿ ರಿಸರ್ವೇಷನ್ ಗುಮಾಸ್ತರಾಗಿ ನಿವೃತ್ತರಾದವರು. ಅವರ ಅಜ್ಜ ಮೈಸೂರಿನ ಕಡೆಯಿಂದ ಬಂದವರಂತೆ. ಮನೆಯಲ್ಲಿ ಕನ್ನಡವೇ, ಆದರೆ ಎರಡು ಮಾತಿಗೊಂದು ತಮಿಳು ಕಾಲಿಡುತ್ತಿತ್ತು. ಮೊದಲ ದಿನವೇ ನಾನು ಬಿ.ಎ. ಎಂದು ಹೇಳಿಕೊಂಡಿದ್ದರಿಂದ ನನ್ನ ಹೆಸರು ಗ್ರಾಜುಯೇಟಮ್ಮ ಎಂದಾಯಿತು. ನಾನು ಮಾಮಾ ಎನ್ನುತ್ತಿದ್ದೆ.

"ಬಾಮ್ಮಾ ಗ್ರಾಜುಯೇಟಮ್ಮ, ಕುರ್ಚಿ ಬಿಸಿ ಮಾಡಿಟ್ಟಿದೀನಿ. ಉಕ್ಕಾರು, ಕೂತ್ಕೋ," ಎಂದು ಏಳುತ್ತಿದ್ದರು. ಟೈಪ್‌ರೈಟರ್ ಕೈ. ಒಂದೊಂದು ಅಕ್ಷರಕ್ಕೂ ಮೊಳೆ ಹೊಡೆದ ಹಾಗೆ ಕುಟ್ಟುವುದು.

"ಮಾಮಾ, ಮೆಲ್ಲಗೆ. ಕೀ ಒಡೆದು ಹೋದರೆ ಸಾರ್ ನನ್ನ ಹತ್ತಿರ ಕೇಳುತ್ತಾರೆ."

"ಒಡೀಲಿ ಬಿಡು. ನಮ್ಮ ಆಫೀಸಿನ ಮಿಷನ್ನು ಮೂವತ್ತು ವರ್ಷ ಹೊಡೆಸಿಕೊಂಡಿತ್ತು, ಒಂದು ದಿನ ಅಯ್ಯೋ ಅಂದಿಲ್ಲ."

ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಕಂಪ್ಯೂಟರಿನ ಚರಿತ್ರೆಯ ಬಗ್ಗೆ ಹತ್ತು ಪುಟದ ಪ್ರಾಜೆಕ್ಟ್ ಟೈಪ್ ಮಾಡಿ ಕೊಡಬೇಕಿತ್ತು. ನಾನು ಇಂಟರ್ನೆಟ್ಟಿನಿಂದ ಮಣಿ ಚೌಕಟ್ಟು, ಮಗ್ಗ, ಆ ಹೆಂಗಸು ಎಲ್ಲವನ್ನೂ ನೋಡಿ ನೋಡಿ ಇಳಿಸಿಕೊಳ್ಳುತ್ತಿದ್ದೆ. ಮಾಮ ಇಂಟರ್ನೆಟ್ ಮುಟ್ಟಲಿಲ್ಲ. "ನನ್ನ ಕಣ್ಣ ಮುಂದೆ ಬಂದಿದ್ದನ್ನ ಅವನ್ಯಾರನ್ನೋ ಯಾಕೆ ಕೇಳಬೇಕು?" ಎಂದು ತಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ಕಥೆಯನ್ನೇ ಬರೆಯುತ್ತಿದ್ದರು. ಪೆನ್‌ಡ್ರೈವ್ ಬೇಡ ಎಂದಿದ್ದರು, ಸಣ್ಣ ಸಾಮಾನೆಲ್ಲ ಕಳೆದುಹೋಗುತ್ತದೆ ಎಂದು. ಸ್ಕ್ರೀನ್ ಮೇಲೆಯೇ ಇಟ್ಟು ಹೋಗುತ್ತಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಒಂದು ದಿನ ಹನ್ನೊಂದಕ್ಕೆ ಹೋದಾಗ ಮಾಮ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಸಾರ್ ಬಾಗಿಲಿನಿಂದಲೇ ಹೇಳುತ್ತಿದ್ದರು, "ತಾತಾ, ನೀವು ಸೇವ್ ಒತ್ತಿರುವುದಿಲ್ಲ. ವಯಸ್ಸಾದ ಮೇಲೆ ಮರೆತುಹೋಗುತ್ತದೆ, ಪರವಾಯಿಲ್ಲೆ. ಇವತ್ತು ಮರೆಯದೆ ಒತ್ತಿ." ಮಾಮ ತಲೆಯಾಡಿಸಿದರು. ಎರಡು ದಿನ ಬಿಟ್ಟು ಮತ್ತೆ ಅದೇ ಮಾತು. ಆಮೇಲೆ ಅವರು ನನ್ನನ್ನು ಗ್ರಾಜುಯೇಟಮ್ಮ ಎಂದು ಕರೆಯುವುದನ್ನು ನಿಲ್ಲಿಸಿದರು. ಬರುತ್ತಿದ್ದರು, ಕುಟ್ಟುತ್ತಿದ್ದರು, ಹೋಗುತ್ತಿದ್ದರು. ನನಗೆ ಅದರಲ್ಲಿ ನನ್ನದೇನಾದರೂ ಇದೆ ಎಂದು ತೋಚಲಿಲ್ಲ. ಪಾಪ, ವಯಸ್ಸು ಎಂದುಕೊಂಡೆ. ಹನ್ನೆರಡಕ್ಕೆ ಏಳುವಾಗ 'ನ್ಯೂ' ಎಂದು ಬರೆದ ಒಂದು ಚೂರು ಬಿದ್ದಿತ್ತು, ಅದನ್ನು ತೆಗೆದು ಬುಟ್ಟಿಗೆ ಹಾಕಿ, ಬುಟ್ಟಿ ಸುರಿದು ಬಂದೆ. ಎಂಜಲೆಲೆಯನ್ನು ಬಿಡಿಸಿ ಯಾರು ನೋಡುತ್ತಾರೆ?

ಮೇ ನಡುವಿನಲ್ಲಿ ಸಾರ್ ಪರೀಕ್ಷೆಗೆಂದು ಹಳೆಯ ಪಾಠ ಮತ್ತೆ ಹೇಳಿದರು. ಒಂದು ಫೈಲ್ ತೆರೆದು, ಇದು ಎರಡು ವರ್ಷದ ಹಿಂದೆ ನಾನು ಇಟ್ಟದ್ದು ಎಂದರು.

"ಎರಡು ವರ್ಷ ಕಂಪ್ಯೂಟರ್ ಆರಿಸಲೇ ಇಲ್ಲವಾ ಸಾರ್?"

"ದಿನವೂ ಆರಿಸುತ್ತೇನಲ್ಲ ಅಕ್ಕಾ."

"ಆರಿಸಿದರೆ ಖಾಲಿ ಎಂದಿದ್ದಿರಿ?"

"ಅದು ರ್‍ಯಾಮ್. ಇದು ಹಾರ್ಡ್ ಡಿಸ್ಕ್. ಯಾರಾದರೂ ಕೈಯಾರೆ ಅಳಿಸುವವರೆಗೆ ಇದ್ದೇ ಇರುತ್ತದೆ."

ಹಾಗಾದರೆ ದಿನವೂ ನಾನು ಸುರಿದು ಬಂದದ್ದು? ಮುಂದೆ ಅವರು ಹೇಳಿದ್ದೊಂದೂ ನನಗೆ ಕೇಳಲಿಲ್ಲ. ಸ್ಕ್ರೀನ್ ಮೇಲೆ ಮಾಮ ಅರ್ಧ ಗಂಟೆ ಹಿಂದೆ ಇಟ್ಟು ಹೋಗಿದ್ದ 'ನ್ಯೂ' ಇತ್ತು. ಮೊದಲ ಸಲ ಅದನ್ನು ತೆರೆದೆ. ಇಂಗ್ಲಿಷಿನಲ್ಲಿ ಒಂದು ಪುಟ. ಮೇಲೆ 'ಪುಟ 1' ಎಂದಿತ್ತು. ಓದಲು ಬಂದಷ್ಟು ಓದಿದೆ. ಆ ದಿನ ಒರೆಸಲಿಲ್ಲ. ಮರುದಿನವೂ ಒರೆಸಲಿಲ್ಲ. ಬಾಯಿ ಮಾತ್ರ ತೆರೆಯಲಿಲ್ಲ.

ಹೇಳಿದರೆ ಕೋರ್ಸ್ ರದ್ದು. ಕೋರ್ಸ್ ರದ್ದಾದರೆ ಸರ್ಟಿಫಿಕೇಟ್ ಇಲ್ಲ. ಜೂನಿನಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ, ನಾನು ಅವರಿಗೆ ಕಾಫಿ ತಂದುಕೊಡುತ್ತಿರುತ್ತೇನೆ. ಹೇಳದಿದ್ದರೆ ಏನು? ಇನ್ನು ಮುಂದೆ ಫೈಲ್ ಉಳಿಯುತ್ತದೆ, ಅವರಿಗೂ ಸಮಾಧಾನವಾಗುತ್ತದೆ, ಎಲ್ಲ ತಾನೇ ಸರಿಹೋಗುತ್ತದೆ. ಹೀಗೆ ಎರಡು ಕಡೆಯೂ ನಾನೇ ವಾದ ಮಾಡಿದೆ.

ಸಂಜೆ ಅಪ್ಪಯ್ಯನಿಗೆ ಕಾಫಿ ಕೊಡುವಾಗ ಎಲ್ಲ ಹೇಳಿದೆ. ಹಾರ್ಡ್ ಡಿಸ್ಕ್ ಎಂದರೇನೆಂದು ಅವರಿಗೆ ವಿವರಿಸುವಷ್ಟರಲ್ಲಿ ಕಾಫಿ ಆರಿತ್ತು. ಅವರು ಲೋಟವನ್ನು ತಿರುಗಿಸುತ್ತಾ ಕೂತಿದ್ದರು.

"ನಾನ್ ಹೊಸ್ತಾಯ್ ಹೋಟ್ಲಿಗೆ ಸೇರ್ದಾಗ ಒಂದ್ ಕೆಲ್ಸ ಮಾಡಿದ್ದೆ ಕಾಣ್," ಎಂದರು. "ಮಾರ್ನೇ ದಿನದ್ ಹಿಟ್ಟಿಗ್ ಹಾಕುಕೆ ಅಂದೇಳಿ ಒಂದ್ ಪಾತ್ರಿಯಾಗ್ ಹುಳಿ ಹಿಟ್ಟ್ ತೆಗ್ದಿಡ್ತಿದ್ರ್. ನಂಗ್ ಗೊತ್ತಿಲ್ಲೆ. ಎಲ್ಲಾ ಪಾತ್ರಿ ಒಟ್ಟಿಗ್ ಅದ್ನೂ ತೊಳ್ದ್ ಕವುಚಿ ಇಟ್ಟೆ. ಮಾರ್ನೇ ದಿನ ಹಿಟ್ಟ್ ಹುಳಿ ಬರ್ಲೇ ಇಲ್ಲ. ದ್ವಾಸಿ ಬಿಳಿ ಬಿಳಿ, ಕಾಗ್ದದ್ ಕಣೆಗೆ. ಧಣಿ ಕೇಂಡ್ರ್, ಯಾರ್ ತೊಳ್ದದ್ ಅಂದೇಳಿ."

"ನೀವ್ ಎಂತ ಹೇಳ್ದ್ರಿ ಅಪ್ಪಯ್ಯ?"

"ಎಂತದೂ ಇಲ್ಲೆ. ಹಿಟ್ಟ್ ಕಡೂವವ್ನ ಕೆಲ್ಸ ಹೋಯ್ತ್. ಅವ ಗಂಟ್ ಕಟ್ಕಂಡ್ ಹೋದ. ಅವ್ನ್ ಮುಖ ನಂಗ್ ಈಗ್ಳೂ ಕಾಣತ್ತ್." ಲೋಟ ಕೆಳಗಿಟ್ಟು ಹೇಳಿದರು, "ಆ ಕೆಲ್ಸ ಉಳ್ದದ್ಕೇ ನಿನ್ನ ಸಾಕ್ದೆ, ಮದಿ ಮಾಡ್ದೆ."

"ಹಂಗಾರೆ ನಾನೀಗ ಎಂತ ಮಾಡ್ಕ್?"

"ನಂಗೆಂತ ಗೊತ್ತಿತ್ತ್ ಹೆಣೆ? ಓದ್ದವ್ಳ್ ನೀನ್."

ಹೇಳು ಎಂದರೋ, ಹೇಳಬೇಡ ಎಂದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಗೋಡೆಯ ಮೇಲಿನ ಬಿ.ಎ. ಸರ್ಟಿಫಿಕೇಟ್ ನೋಡಿದೆ. ಅದರ ಹಿಂದೆ ಗಂಟು ಹೊತ್ತ ಒಬ್ಬ ಮನುಷ್ಯ ನಿಂತ ಹಾಗೆ ಕಂಡಿತು. ಅದನ್ನು ನಾನು ಕಷ್ಟಪಟ್ಟು ಗಳಿಸಿದ್ದೆ. ಯಾರ ಕಷ್ಟ ಎಂಬ ಪ್ರಶ್ನೆ ಅದುವರೆಗೆ ಬಂದಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಮಾಮ ಕುರ್ಚಿಯಿಂದ ಎದ್ದು, "ನಾಳೆಯಿಂದ ನಾನು ಬರಲ್ಲಮ್ಮಾ. ನೀನು ಹತ್ತಕ್ಕೇ ಬಂದು ಕೂತ್ಕೋ, ಎರಡು ಗಂಟೆ ಸಿಗುತ್ತೆ," ಎಂದರು.

"ಯಾಕೆ ಮಾಮಾ? ಫೈಲ್ ಎರಡು ದಿನದಿಂದ ಇದೆಯಲ್ಲ?"

"ಅದೇ ನೋಡು. ಇದೆ. ಒಂಬತ್ತು ದಿನ ಇರಲಿಲ್ಲ, ಈಗ ಇದೆ." ಶರ್ಟಿನ ಜೇಬಿನಿಂದ ಬಸ್ ಟಿಕೆಟಿನಷ್ಟು ಅಗಲದ ಚೀಟಿಗಳನ್ನು ತೆಗೆದರು. ಒಂದೊಂದರಲ್ಲೂ ಅವರ ದುಂಡು ಕೈಬರಹದಲ್ಲಿ ವಾರ, ಗಂಟೆ, ಸೇವ್ ಮಾಡಿದೆ ಎಂದಿತ್ತು. "ಮರೀತೀನಿ ಅಂತ ಬರೆದು ಇಟ್ಕೊಂಡೆ. ಮರುದಿನ ಬಂದ್ರೆ ಚೀಟಿ ಇದೆ, ಫೈಲಿಲ್ಲ. ಬರೆದವನು ನಾನೇ ತಾನೇ? ಒಂಬತ್ತು ಸಲ ಮೊದಲನೇ ಪುಟಾನೇ ಬರೆದಿದೀನಮ್ಮಾ. ಮಾಡದೇ ಇರೋದನ್ನ ಮಾಡಿದೆ ಅಂತ ಬರ್ಕೊಳ್ಳೋ ಹಾಗಾಗಿದೆ ತಲೆ. ಜೇಬಲ್ಲಿ ಈ ಚೀಟಿ ಕಂಡು ಮಗ ನಾಳೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದಾನೆ. ಹೊರಗೆ ಒಬ್ಬನೇ ಹೋಗೋದೂ ಬೇಡ ಅಂದಿದಾನೆ."

"ಮಾಮಾ, ಅದು ನಾನು."

"ಏನು ನೀನು?"

"ಅಳಿಸಿದ್ದು ನಾನು. ದಿನಾ ಹೋಗುವಾಗ ಒರೆಸಿ ಹೋಗುತ್ತಿದ್ದೆ. ಉಳಿದ ಎಂಜಲು ಎಂದುಕೊಂಡೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೂತು, ಚೀಟಿಗಳನ್ನು ಕೀಬೋರ್ಡಿನ ಮೇಲೆ ಒಂದೊಂದಾಗಿ ಸಾಲಾಗಿ ಹರಡಿದರು. ಒಂಬತ್ತು.

"ಹಾಗಾದ್ರೆ ಇದು ನಿಜ," ಎಂದರು. "ಇದೂ ನಿಜ. ಇದೂ." ನಕ್ಕರು. ನನಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು ನಗು ನಿಲ್ಲಿಸಿ ಚೀಟಿಗಳನ್ನು ಮತ್ತೆ ಒಟ್ಟು ಮಾಡತೊಡಗಿದರು. "ಒಂಬತ್ತು ದಿನ ಮನೇಲಿ ಯಾರ ಹತ್ರಾನೂ ನಾನು ಬಾಯಿ ಬಿಟ್ಟಿಲ್ಲಮ್ಮಾ. ಬಿಟ್ರೆ ಏನು ಉಳರಿಬಿಡ್ತೀನೋ, ಏನು ಬಡಬಡಿಸ್ತೀನೋ ಅಂತ." ಚೀಟಿಗಳನ್ನು ಜೇಬಿಗೆ ತುರುಕಿ ನನ್ನ ಕಡೆ ತಿರುಗದೆ ಮೆಟ್ಟಿಲಿಳಿದು ಹೋದರು.

ಸಾರ್ ಎಲ್ಲ ಕೇಳಿಸಿಕೊಂಡಿದ್ದರು. ಗೋಡೆಯ ನೋಟೀಸಿನ ಕಡೆ ಬೆರಳು ತೋರಿಸಿದರು. "ರೂಲ್ ಅಂದರೆ ರೂಲ್ ಅಕ್ಕಾ. ನಾನು ಆ ತಾತನಿಗೆ ವಯಸ್ಸಾಯಿತು ಅಂದುಬಿಟ್ಟೆನಲ್ಲ." ಅವರ ಕಣ್ಣೂ ಕೆಂಪಾಗಿತ್ತು. "ಅವರು ಏನು ಹೇಳುತ್ತಾರೋ ನೋಡೋಣ. ಅಲ್ಲಿಯವರೆಗೆ ನೀವು ಸಿಸ್ಟಂ ಮುಟ್ಟಬೇಡಿ."

ಎರಡು ದಿನ ಹೋಗಿ ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಕೂತು ಬಂದೆ. ಯಾಕೆ ಹೋಗುತ್ತಿದ್ದೆ ಎಂದರೆ, ಹೋಗದಿದ್ದರೆ ಮುಗಿಯಿತು ಎಂದಾಗುತ್ತದಲ್ಲ ಎಂದು. ಅಪ್ಪಯ್ಯನಿಗೆ ಹೇಳಿದಾಗ, "ಹೇಳ್ಬಿಟ್ಯಾ?" ಎಂದಷ್ಟೇ ಕೇಳಿದರು.

ಮೂರನೆಯ ದಿನ ಮಾಮ ಬಂದರು. ನನ್ನನ್ನು ದಾಟಿ ಒಳಗೆ ಹೋಗಿ ಸಾರ್ ಮುಂದೆ ನಿಂತು ತಮಿಳಿನಲ್ಲಿ ಕೇಳಿದರು, "ಇವಳನ್ನು ಕಳಿಸಿಬಿಟ್ಟರೆ ನನ್ನ ಒಂಬತ್ತು ಪುಟ ಯಾರು ಟೈಪ್ ಮಾಡುತ್ತಾರೆ? ನೀನು ಮಾಡುತ್ತೀಯಾ?" ಸಾರ್ ಇಲ್ಲ ಎಂದರು. "ಹಾಗಾದರೆ ಕೂರಿಸು." ಸಾರ್ ಒಂದು ಷರತ್ತು ಹಾಕಿದರು. ಪರೀಕ್ಷೆಗೆ ಎಂಟು ದಿನ ಇದೆ, ನನ್ನ ಗಂಟೆಯೆಲ್ಲ ತಾತನ ಪ್ರಾಜೆಕ್ಟಿಗೆ. ಅದು ಮುಗಿದ ಮೇಲೆ ಹೊತ್ತು ಉಳಿದರೆ ನನ್ನದು. ನನ್ನದು ಆಗ ಆರು ಪುಟದಲ್ಲಿ ನಿಂತಿತ್ತು.

ಮಾಮ ಹೇಳುವುದು, ನಾನು ಕುಟ್ಟುವುದು. ಅವರ ಇಂಗ್ಲಿಷ್ ಹಳೆಯ ರೈಲ್ವೆ ಇಂಗ್ಲಿಷ್. ಒಂದು ವಾಕ್ಯ ಹೊರಟರೆ ಮೂರು ಸ್ಟೇಷನ್ ದಾಟಿಯೇ ನಿಲ್ಲುವುದು. ನಾನು ಎರಡು ಸಲ ನಪಾಸಾದ ವಿಷಯ ಅದು.

"ಕಾಮಾ ಹಾಕು. ಹಾಕಿದ್ಯಾ?"

"ಎಲ್ಲಿ ಮಾಮಾ?"

"ನಾನು ಉಸಿರು ತಗೊಂಡಾಗ."

"ನೀವು ಉಸಿರೇ ತಗೊಳ್ಳುವುದಿಲ್ಲವಲ್ಲ."

"ಏಯ್ ಗ್ರಾಜುಯೇಟಮ್ಮ, ವಾಯಿ ಜಾಸ್ತಿ ನಿಂಗೆ." ಆ ಹೆಸರು ಮತ್ತೆ ಬಂದದ್ದು ಹಾಗೆ. ನಾನು ಕೇಳದ ಹಾಗೆ ಕುಟ್ಟುತ್ತಲೇ ಇದ್ದೆ.

ಅವರ ಪುಟಗಳಲ್ಲಿ ಇದ್ದದ್ದು ಇದು. ಮೊದಲು ರೈಲಿಗೊಂದು ದೊಡ್ಡ ಪುಸ್ತಕ, ತಾರೀಖಿಗೊಂದು ಹಾಳೆ. ಒಂದು ಪುಸ್ತಕದಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ಪಕ್ಕದ ಕೌಂಟರಿನವನು ಅದು ಕೈಗೆ ಬರುವವರೆಗೆ ಕಾಯಬೇಕು, ಜನ ಅವನ ಮುಂದೆ ಕಾಯಬೇಕು. ಆಮೇಲೆ ಗಾಜಿನ ಕೋಣೆ ಕಟ್ಟಿಸಿ ಏಸಿ ಹಾಕಿಸಿ ಕಂಪ್ಯೂಟರ್ ತಂದರು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಆಯುಧ ಪೂಜೆಯ ದಿನ ಯಾರೋ ಅದರ ಹಣೆಗೆ ಗಂಧ ಕುಂಕುಮ ಇಟ್ಟು, ಕುಂಕುಮ ಒಳಗೆ ಉದುರಿತು ಎಂದು ಅಧಿಕಾರಿ ಕೂಗಾಡಿದ್ದರು. ಮೊದಲ ದಿನ ಯಾವ ಕೌಂಟರಿನಲ್ಲಿ ಕೇಳಿದರೂ ಯಾವ ರೈಲಿನ ಸೀಟು ಬೇಕಾದರೂ ಸಿಕ್ಕಾಗ, ಮಾಮ ನಂಬದೆ ಎದ್ದುಹೋಗಿ ಹಳೆಯ ಪುಸ್ತಕ ತೆರೆದು ನೋಡಿ ಬಂದರಂತೆ. ಸರಿಯಾಗಿತ್ತು. ಆದರೂ ಮುಂದಿನ ಒಂದು ತಿಂಗಳು ಮೇಜಿನ ಕೆಳಗೆ ಪೆನ್ಸಿಲಿನಲ್ಲಿ ತಾವೂ ಬೇರೆ ಬರೆದಿಟ್ಟುಕೊಂಡರಂತೆ, ಯಂತ್ರ ಮರೆತುಬಿಟ್ಟರೆ ಎಂದು.

ಆ ಸಾಲು ಟೈಪ್ ಮಾಡುವಾಗ ನನ್ನ ಕೈ ನಿಂತಿತು.

"ಏನಾಯ್ತಮ್ಮಾ?"

"ಚೀಟಿ ಬರೆದಿಡುವುದು ನಿಮಗೆ ಮೊದಲಿಂದಲೂ ಇದೆಯಾ ಮಾಮಾ?"

"ಇದೆ. ಆಗ ಮಿಷನ್ ಮರೆಯುತ್ತೆ ಅಂತ ಬರೆದೆ, ಈಗ ನಾನು ಮರೀತೀನಿ ಅಂತ. ಎರಡು ಸಲಾನೂ ಮರೆತವರು ಯಾರೂ ಇಲ್ಲ. ಫುಲ್ ಸ್ಟಾಪ್ ಹಾಕು."

ಅವರದು ಹನ್ನೊಂದು ಪುಟವಾಯಿತು. ನನ್ನದು ಏಳಕ್ಕೆ ನಿಂತಿತು. ಹಾಗೆಯೇ ಕೊಟ್ಟೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಮೇಡಂ ಬಂದಿದ್ದರು.

"ಕಂಪ್ಯೂಟರ್ ಕಂಡುಹಿಡಿದವರು ಯಾರು?"

ಮಣಿ ಚೌಕಟ್ಟು, ಮಗ್ಗ, ಕಟ್ಟದ ಯಂತ್ರ, ಆ ಹೆಂಗಸು, ಲೆಕ್ಕ ಹಾಕುತ್ತಿದ್ದ ಮನುಷ್ಯರು ಎಲ್ಲರೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡರು. "ಯಾವ ಕಂಪ್ಯೂಟರ್ ಮೇಡಂ?" ಎಂದೆ. ಅವರು ಏನೋ ಬರೆದುಕೊಂಡರು.

"ರ್‍ಯಾಮಿಗೂ ಹಾರ್ಡ್ ಡಿಸ್ಕಿಗೂ ಏನು ವ್ಯತ್ಯಾಸ?"

"ರ್‍ಯಾಮ್ ಎಂದರೆ ದಿನವೂ ತೊಳೆದು ಕವುಚುವ ಪಾತ್ರೆ ಮೇಡಂ. ಹಾರ್ಡ್ ಡಿಸ್ಕ್ ಎಂದರೆ ಹುಳಿ ಹಿಟ್ಟಿನ ಪಾತ್ರೆ. ಕೇಳದೆ ತೊಳೆಯಬಾರದು."

"ಪುಸ್ತಕದಲ್ಲಿ ಹಾಗಿಲ್ಲವಲ್ಲಮ್ಮಾ," ಎಂದರು. ಬಾಗಿಲ ಹತ್ತಿರ ನಿಂತಿದ್ದ ಸಾರ್ ಕೆಮ್ಮಿದರು.

ನನಗೆ ಸಿ ಗ್ರೇಡ್ ಬಂತು. ಮಾಮನಿಗೆ ಎ. ಅವರ ಮಗ ಬಂದು ಫೋಟೋ ತೆಗೆದುಕೊಂಡು ಹೋದರು. ಕೊನೆಯ ದಿನ ಹನ್ನೆರಡಕ್ಕೆ ನಾನು ಏಳುವಾಗ ಸ್ಕ್ರೀನ್ ತುಂಬ ಯಾರುಯಾರದೋ ಚೂರುಗಳು ಬಿದ್ದಿದ್ದವು. ಹಾಗೆಯೇ ಬಿಟ್ಟು ಬಂದೆ. ಎಂಜಲೆಲೆಗಳ ನಡುವಿನಿಂದ ಎದ್ದುಬಂದ ಹಾಗೆ ಮೈಯೆಲ್ಲ ಇರುಸುಮುರುಸಾಯಿತು. ಬ್ಯಾಗ್ ಎತ್ತಿಕೊಳ್ಳುತ್ತಾ ಸಾರ್‌ಗೆ ಕೊನೆಯದಾಗಿ ಒಂದು ಪ್ರಶ್ನೆ ಕೇಳಿದೆ: ನಾನು ಅಳಿಸಿದ ಒಂಬತ್ತು ಪುಟ ಎಲ್ಲಿಗೆ ಹೋಯಿತು? ಅವರು ಹೇಳಿದರು, ಎಲ್ಲಿಗೂ ಹೋಗುವುದಿಲ್ಲ ಅಕ್ಕಾ. ಜಾಗ ಖಾಲಿ ಎಂದು ಗುರುತು ಮಾತ್ರ ಬೀಳುತ್ತದೆ, ಅದರ ಮೇಲೆ ಬೇರೆ ಏನಾದರೂ ಬಂದು ಕೂರುವವರೆಗೆ ಹಳೆಯದು ಅಡಿಯಲ್ಲಿ ಇದ್ದೇ ಇರುತ್ತದೆ. ಇಷ್ಟು ದಿನ ಕಲಿತು ಅರ್ಥವಾಯಿತು ಎಂದುಕೊಂಡದ್ದೆಲ್ಲ ಆ ಒಂದು ಮಾತಿನಲ್ಲಿ ಮತ್ತೆ ಕದಡಿಹೋಯಿತು.

ಶಾಲೆ ತೆರೆಯುವ ಹಿಂದಿನ ದಿನ ಸರ್ಟಿಫಿಕೇಟ್ ತೆಗೆದುಕೊಂಡು ಆಡಳಿತದ ಮೇಡಂ ಹತ್ತಿರ ಹೋದೆ. ಸಿ ಗ್ರೇಡ್ ಎಂದು ಹುಬ್ಬು ಗಂಟಿಕ್ಕಿದರು. "ಮೂರು ತಿಂಗಳು ಕೂತು ತೋರಿಸು, ಆಮೇಲೆ ನೋಡೋಣ," ಎಂದರು. ಹಾಗೆ ಆ ಕುರ್ಚಿ ನನಗೆ ಪೂರ್ತಿ ಸಿಗದೆ, ಪೂರ್ತಿ ತಪ್ಪದೆ ಉಳಿಯಿತು.

ಮೊದಲ ದಿನ ಕಂಪ್ಯೂಟರ್ ಹಾಕಿದರೆ ಹಳೆಯ ಗುಮಾಸ್ತೆ ಇಟ್ಟು ಹೋದದ್ದು ಗೋಡೆಯಿಂದ ಗೋಡೆಗೆ ತುಂಬಿತ್ತು. ನ್ಯೂ, ನ್ಯೂ ಒಂದು, ನ್ಯೂ ಎರಡು, ಹೆಸರಿಲ್ಲದ್ದು, ಅರ್ಧ ಹೆಸರಿನದು. ಮೇಡಂ ಹಿಂದೆ ಬಂದು ನಿಂತು, "ಚೀ, ಎಲ್ಲಾ ಹಳೇ ಕುಪ್ಪೆ. ಮೊದಲು ಇದನ್ನೆಲ್ಲ ತೆಗೆದು ಕ್ಲೀನ್ ಮಾಡಮ್ಮಾ," ಎಂದರು.

ಅದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಬರುವ ಕೆಲಸ. ಕೈ ಮೌಸಿನ ಮೇಲೆಯೇ ಇತ್ತು, ತುರಿಸುತ್ತಿತ್ತು. ಮೊದಲ ದಿನವೇ ಎದುರು ಮಾತಾಡಿದರೆ ಮೂರು ತಿಂಗಳು ಇವತ್ತಿಗೇ ಮುಗಿದೀತು.

"ಮೇಡಂ, ಇದೆಲ್ಲ ಯಾರದ್ದು ಎಂದು ಒಮ್ಮೆ ಕೇಳಿಕೊಂಡು ತೆಗೆಯಲಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಹಳೆಯ ಗುಮಾಸ್ತೆಯ ಫೋನ್ ನಂಬರ್ ಹುಡುಕಲು ಒಳಗೆ ಹೋದರು. ನಾನು ಡ್ರಾಯರಿನಿಂದ ಒಂದು ಹಾಳೆ ತೆಗೆದು, ಸ್ಕ್ರೀನ್ ಮೇಲಿದ್ದ ಒಂದೊಂದು ಫೈಲಿನ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳತೊಡಗಿದೆ.